ಡೆಲಿವರಿ ಫ್ರೀ ಅಂದ್ರೆ ದುಡ್ಡು ಕೊಡೋರು ಯಾರು?

ಪ್ರಶ್ನೆ: ನಾನು ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ನಮ್ಮೂರಲ್ಲಿ ಕಿರಾಣಿ ಬಿಟ್ಟರೆ ಬೇರೆ ಅಂಗಡಿ ಇಲ್ಲ. ಹಾಗಾಗಿ ಮನೆ ಸಾಮಾನು ಹೆಚ್ಚಾಗಿ ಆನ್‌ಲೈನ್‌ನಲ್ಲೇ ತರಿಸುತ್ತೇನೆ. ಹದಿನೈದು ದಿನದ ಹಿಂದೆ ಮಿಕ್ಸರ್‌ಗೆ ಚಟ್ನಿ ಜಾರ್ ಬೇಕಾಯಿತು. ಬೆಲೆ 340 ರೂಪಾಯಿ, ಡೆಲಿವರಿ 40. '499ರ ಮೇಲೆ ಡೆಲಿವರಿ ಫ್ರೀ' ಎಂದು ಬರೆದಿತ್ತು. ಸುಮ್ನೆ 40 ರೂಪಾಯಿ ಯಾಕೆ ಕೊಡೋದು ಎಂದು 179 ರೂಪಾಯಿಯ ಪ್ಲಾಸ್ಟಿಕ್ ಡಬ್ಬಿ ಸೆಟ್ ಸೇರಿಸಿದೆ. ಕೊನೆಯಲ್ಲಿ ಕ್ಯಾಶ್ ಆನ್ ಡೆಲಿವರಿಗೆ 10, ಹ್ಯಾಂಡ್ಲಿಂಗ್ ಎಂದು 9 ಸೇರಿ ಒಟ್ಟು 538 ಆಯಿತು. ಜಾರ್ ಚೆನ್ನಾಗಿದೆ. ಡಬ್ಬಿಗಳ ಮುಚ್ಚಳ ಮಾತ್ರ ಕೂರುವುದೇ ಇಲ್ಲ. ಮರುದಿನವೇ ವಾಪಸ್ ಕೇಳಿದೆ. 'ನಿಮ್ಮ ಪಿನ್‌ಕೋಡ್‌ನಲ್ಲಿ ಪಿಕಪ್ ಇಲ್ಲ, ನೀವೇ ಕೊರಿಯರ್ ಮಾಡಿ' ಎಂಬ ಉತ್ತರ ಬಂತು. ನಮ್ಮ ಮನೆಯವರು 'ಫ್ರೀ ಅಂದ್ರೇನೇ ಮೋಸ' ಅಂತಾರೆ. ತಮ್ಮ 'ದೊಡ್ಡ ಕಂಪನಿ, ಖರ್ಚು ಅವರೇ ಹೊತ್ಕೋತಾರೆ, ನಮಗೇನು' ಅಂತಾನೆ. ಯಾರ ಮಾತು ಸರಿ? ಇದಕ್ಕೆ ಕಾನೂನು ಇದೆಯೇ? ಇನ್ನು ಮುಂದೆ ಹೇಗೆ ತರಿಸಬೇಕು?

ಉತ್ತರ: ಅಕ್ಕೋರೆ, ಲೆಕ್ಕವನ್ನು ರೂಪಾಯಿ ಸಮೇತ ಬರೆದಿದ್ದೀರಿ. ಅದರಿಂದ ನನ್ನ ಕೆಲಸ ಹಗುರಾಯಿತು. ನಾನು ಬಾಗಲಕೋಟೆಯಲ್ಲಿ ತೆರಿಗೆ ಮತ್ತು ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಇಳಕಲ್ ಸೀರೆ, ಗುಳೇದಗುಡ್ಡ ಖಣ, ಕರದಂಟು ಇವನ್ನೆಲ್ಲ ಆನ್‌ಲೈನ್‌ನಲ್ಲಿ ಮಾರುವ ಸಣ್ಣ ವ್ಯಾಪಾರಿಗಳ ಲೆಕ್ಕ ನನ್ನ ಮೇಜಿಗೆ ಬರುತ್ತದೆ. ನೀವು ಕೊಳ್ಳುವ ಕಡೆಯಿಂದ ನೋಡಿದ್ದನ್ನು ನಾನು ಮಾರುವ ಕಡೆಯಿಂದ ನೋಡುತ್ತೇನೆ. ಹಾಗಾಗಿ ಆ ಕಡೆಯಿಂದಲೇ ಹೇಳುತ್ತೇನೆ.

ಮೊದಲು ನಿಮ್ಮ ಬಿಲ್ಲು. ಡಬ್ಬಿ ಬಿಟ್ಟು ಜಾರ್ ಒಂದನ್ನೇ ತರಿಸಿದ್ದರೆ 340, ಡೆಲಿವರಿ 40, ಆಮೇಲೆ ಆ 10 ಮತ್ತು 9. ಒಟ್ಟು 399. ನೀವು ಕೊಟ್ಟಿದ್ದು 538. ಅಂದರೆ 40 ರೂಪಾಯಿ ಉಳಿಸಲು 139 ರೂಪಾಯಿ ಜಾಸ್ತಿ ಕೊಟ್ಟಿರಿ. ಡಬ್ಬಿ ನಿಜವಾಗಿ ಬೇಕಿದ್ದರೆ, ಮುಚ್ಚಳ ಸರಿಯಾಗಿ ಕೂರುತ್ತಿದ್ದರೆ, ಇದು ನಷ್ಟವಲ್ಲ. ಆದರೆ ಜಾರ್ ಹುಡುಕಲು ಕೂತಾಗ ಡಬ್ಬಿ ನಿಮ್ಮ ಮನಸ್ಸಿನಲ್ಲೇ ಇರಲಿಲ್ಲ, ಅಲ್ವಾ? ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. 499 ಎಂಬ ಗೆರೆ ಎಳೆಯುವುದೇ ಅದಕ್ಕಾಗಿ. ಜನ ಸಾಮಾನ್ಯವಾಗಿ ಎಷ್ಟಕ್ಕೆ ಆರ್ಡರ್ ಮಾಡುತ್ತಾರೋ ಅದಕ್ಕಿಂತ ಸ್ವಲ್ಪ ಮೇಲೆ ಆ ಗೆರೆ ಇರುತ್ತದೆ. 340ರ ಗಿರಾಕಿ 500ಕ್ಕೆ ಏರಲಿ ಎಂಬುದು ಲೆಕ್ಕ. ಒಂದೇ ಡಬ್ಬದಲ್ಲಿ ಎರಡು ವಸ್ತು ಹೋದರೆ ಸಾಗಣೆ ಖರ್ಚು ದುಪ್ಪಟ್ಟಾಗುವುದಿಲ್ಲ, ಮಾರಾಟ ಮಾತ್ರ ಹೆಚ್ಚಾಗುತ್ತದೆ.

ಈಗ ನಿಮ್ಮ ತಮ್ಮನ ಮಾತಿಗೆ ಬರೋಣ. ಕಂಪನಿ ಹೊತ್ಕೊಳ್ಳುತ್ತದೆಯೇ? ಒಂದು ಇಳಕಲ್ ಸೀರೆಯ ಲೆಕ್ಕ ಹೇಳುತ್ತೇನೆ. ಸುಲಭವಾಗಲಿ ಎಂದು ಸುತ್ತು ಅಂಕಿ ಇಟ್ಟಿದ್ದೇನೆ. ಅಂಗಡಿಯಲ್ಲಿ 1,100 ರೂಪಾಯಿಯ ಸೀರೆ. ಅದೇ ಸೀರೆ ಆ್ಯಪ್‌ನಲ್ಲಿ 1,250, 'ಡೆಲಿವರಿ ಫ್ರೀ'. ಗಿರಾಕಿ 1,250 ಕಟ್ಟುತ್ತಾರೆ. ವ್ಯಾಪಾರಿಯ ಖಾತೆಗೆ ಅಷ್ಟು ಬರುವುದಿಲ್ಲ. ಆ್ಯಪ್‌ನವರು ಕಮಿಷನ್ ಮುರಿಯುತ್ತಾರೆ. ಸಾಗಣೆ ಎಂದು 90 ರೂಪಾಯಿ ಮುರಿಯುತ್ತಾರೆ. ಈ ಎರಡರ ಮೇಲೂ ಶೇ 18 ಜಿಎಸ್‌ಟಿ. ಜೊತೆಗೆ ಟಿಸಿಎಸ್, ಟಿಡಿಎಸ್ ಎಂದು ಮೊದಲೇ ಹಿಡಿದುಕೊಳ್ಳುವ ತೆರಿಗೆಯ ಚಿಲ್ಲರೆ. ಅವು ಮುಂದೆ ಲೆಕ್ಕಕ್ಕೆ ಸಿಗುತ್ತವೆ, ಆದರೆ ಆ ತಿಂಗಳು ಕೈಯಲ್ಲಿರುವುದಿಲ್ಲ. ನಿಮ್ಮ ಪರದೆಯ ಮೇಲೆ ಡೆಲಿವರಿ ಸೊನ್ನೆ ಇದ್ದಾಗ ವ್ಯಾಪಾರಿಯ ಹಾಳೆಯಲ್ಲಿ ಅದು 90 ಇರುತ್ತದೆ.

ಅಷ್ಟೇ ಅಲ್ಲ. ಹತ್ತು ಸೀರೆ ಕ್ಯಾಶ್ ಆನ್ ಡೆಲಿವರಿಗೆ ಹೋದವು ಎನ್ನಿ. ಎರಡು ಮನೆಯವರು ಬಾಗಿಲಲ್ಲೇ 'ಬೇಡ' ಅಂದರು. ಆ ಎರಡು ಸೀರೆ ಹೋಗಲು 90, ಬರಲು 90, ಒಟ್ಟು 360 ರೂಪಾಯಿ. ಅದನ್ನು ಯಾರು ಕೊಡಬೇಕು? ಮಾರಾಟವಾದ ಉಳಿದ ಎಂಟು ಸೀರೆಯೇ ಹೊರಬೇಕು. ಸೀರೆಗೆ 45 ರೂಪಾಯಿ. ಮೊದಲಿನ 90 ಸೇರಿಸಿ, 135 ಆಯಿತು. ಪ್ಯಾಕಿಂಗ್ ಡಬ್ಬ, ಟೇಪು, ಪ್ಲಾಸ್ಟಿಕ್ ಕವರ್ ಸೇರಿದರೆ 150. ಅಂಗಡಿಗೂ ಆ್ಯಪ್‌ಗೂ ಇದ್ದ ಅಂತರ ಅಲ್ಲಿಗೇ ಮುಗಿಯಿತು, ಕಮಿಷನ್ ಇನ್ನೂ ಅವನ ಲಾಭದಿಂದಲೇ ಹೋಗಬೇಕು. 'ಫ್ರೀ ಅಂತ ಹಾಕದಿದ್ರ ಯಾರೂ ಒತ್ತೂದಿಲ್ರೀ' ಎಂದು ಆ ವ್ಯಾಪಾರಿ ನನ್ನ ಮುಂದೆ ಕೂತು ಹೇಳಿದ್ದು ನೆನಪಿದೆ. 1,100ಕ್ಕೆ ಸೀರೆ, 150 ಡೆಲಿವರಿ ಎಂದು ಒಂದು ತಿಂಗಳು ಹಾಕಿ ನೋಡಿದ್ದರಂತೆ. ದುಡ್ಡು ಅಷ್ಟೇ. ಆದರೂ ಜನ ಕೊಳ್ಳಲಿಲ್ಲ.

ಇದು ನಮ್ಮೂರಿನ ಜನರ ಗುಣ ಮಾತ್ರ ಅಲ್ಲ. ಫ್ರಾನ್ಸ್‌ನಲ್ಲಿ ಸಣ್ಣ ಪುಸ್ತಕದಂಗಡಿಗಳು ಮುಚ್ಚಿಹೋಗುತ್ತವೆ ಎಂಬ ಕಾಳಜಿಯಿಂದ 2014ರಲ್ಲಿ ಒಂದು ಕಾನೂನು ಬಂತು. ಆನ್‌ಲೈನ್‌ನಲ್ಲಿ ಪುಸ್ತಕ ಮಾರುವವರು ಡೆಲಿವರಿಯನ್ನು ಪೂರ್ತಿ ಉಚಿತವಾಗಿ ಕೊಡುವಂತಿಲ್ಲ ಎಂದಿತು. ಅಮೆಜಾನ್ ಡೆಲಿವರಿಗೆ ಒಂದು ಸೆಂಟ್ (ಯೂರೋದ ನೂರನೇ ಒಂದು ಭಾಗ) ಎಂದು ಬೆಲೆ ಇಟ್ಟಿತು. ಕಾನೂನೂ ಪಾಲಿಸಿದಂತಾಯಿತು, ಗಿರಾಕಿಗೆ ಉಚಿತವೂ ಆಯಿತು. ಕೊನೆಗೆ 2023ರ ಅಕ್ಟೋಬರ್‌ನಿಂದ 35 ಯೂರೋಗಿಂತ ಕಡಿಮೆಯ ಪುಸ್ತಕ ಆರ್ಡರ್‌ಗೆ ಕನಿಷ್ಠ 3 ಯೂರೋ ತೆಗೆದುಕೊಳ್ಳಲೇಬೇಕು ಎಂದು ಸರ್ಕಾರ ನಿಯಮ ಬಿಗಿ ಮಾಡಿತು. ಡೆಲಿವರಿಗೆ ಸೊನ್ನೆ ಎಂದು ತೋರಿಸುವುದಕ್ಕೆ ಎಷ್ಟು ಶಕ್ತಿ ಇದೆ ನೋಡಿ.

ನಿಮ್ಮ ಡಬ್ಬಿಯ ಕಥೆ ಇನ್ನೂ ಸ್ವಾರಸ್ಯ. ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಉತ್ತರ ಕಿಲೋ ಲೆಕ್ಕ. ನಿಜವಾದ ತೂಕ, ಈ ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 30 ಸೆಂಟಿಮೀಟರ್ ಉದ್ದ, 20 ಅಗಲ, 15 ಎತ್ತರದ ಡಬ್ಬಿ ಸೆಟ್ ಎಂದುಕೊಳ್ಳಿ. 9,000ವನ್ನು 5,000ದಿಂದ ಭಾಗಿಸಿದರೆ 1.8 ಕಿಲೋ. ಕೈಯಲ್ಲಿ ಎತ್ತಿದರೆ ನಾನೂರು ಗ್ರಾಂ ಇರುವುದಿಲ್ಲ. ಒಳಗಿರುವುದು ಗಾಳಿ, ಆ ಗಾಳಿಗೂ ಬಾಡಿಗೆ ಕಟ್ಟಬೇಕು. ದೊಡ್ಡ ಕಂಪನಿಗಳಿಗೆ ಸಾಗಣೆ ದರ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೂ ಬಾಡಿಗೆ, ಕಮಿಷನ್, ಪ್ಯಾಕಿಂಗ್ ಎಲ್ಲ ಕಳೆದರೆ 179 ರೂಪಾಯಿಯಲ್ಲಿ ಡಬ್ಬಿಗೆ ಉಳಿಯುವುದೆಷ್ಟು? ಹಾಗಾಗಿ ಪ್ಲಾಸ್ಟಿಕ್ ತೆಳುವಾಗುತ್ತದೆ. ಮುಚ್ಚಳದ ಅಂಚಿನ ಗಟ್ಟಿ ಉಂಗುರ ಮಾಯವಾಗುತ್ತದೆ. ನಿಮ್ಮ ಮುಚ್ಚಳ ಕೂರದಿರುವುದಕ್ಕೂ ಫ್ರೀ ಡೆಲಿವರಿಗೂ ಹೀಗೆ ನಂಟು ಇರಬಹುದು. ಹಗುರ, ದೊಡ್ಡ, ಅಗ್ಗದ ಸಾಮಾನು (ಡಬ್ಬಿ, ಬಕೆಟ್, ದಿಂಬು, ಚಾಪೆ) ಫ್ರೀ ಡೆಲಿವರಿಯಲ್ಲಿ ಬಂದರೆ ನಾನಂತೂ ಎರಡು ಸಲ ನೋಡುತ್ತೇನೆ. ಪುಸ್ತಕ, ಸೀರೆ, ಮೊಬೈಲ್ ಚಾರ್ಜರ್‌ನಂಥವು ಬೇರೆ. ಅವಕ್ಕೆ ಬೆಲೆಯ ಮುಂದೆ ಸಾಗಣೆ ಸಣ್ಣದು.

ಹಾಗಾದರೆ ನಿಮ್ಮ ಮನೆಯವರು ಹೇಳಿದಂತೆ ಫ್ರೀ ಅಂದ್ರೇನೇ ಮೋಸವೇ? ಅದನ್ನೂ ನಾನು ಒಪ್ಪುವುದಿಲ್ಲ. ಸಾಗಣೆ ಖರ್ಚನ್ನು ಬೆಲೆಯೊಳಗೆ ಸೇರಿಸಿ 'ಬೇರೆ ಚಾರ್ಜ್ ಇಲ್ಲ' ಎನ್ನುವುದು ತಪ್ಪಲ್ಲ. ನಮ್ಮ ಕಿರಾಣಿ ಸಾವಕಾರರೂ ವಿಜಯಪುರದಿಂದ ಮಾಲು ತಂದ ಟೆಂಪೋ ಬಾಡಿಗೆಯನ್ನು ಬಿಲ್ಲಿನಲ್ಲಿ ಬೇರೆ ಬರೆಯುವುದಿಲ್ಲ. ಇನ್ನೊಂದು ಮಾತು. ಈ ಏರ್ಪಾಡಿನಲ್ಲಿ ನಿಮ್ಮಂಥ ಹಳ್ಳಿಯವರಿಗೆ ಸ್ವಲ್ಪ ಲಾಭವೂ ಇದೆ. ಗೋದಾಮಿನ ಪಕ್ಕದಲ್ಲಿ, ಬೆಂಗಳೂರಿನಲ್ಲಿ ಇರುವವರಿಗೂ ಬೆಲೆ ಅಷ್ಟೇ, ಬೀಳಗಿಯ ಆಚೆ ಇರುವ ನಿಮಗೂ ಅಷ್ಟೇ. ನಿಮ್ಮ ಮನೆಗೆ ತಲುಪಿಸುವ ಖರ್ಚು ಅವರದಕ್ಕಿಂತ ಜಾಸ್ತಿ. ಆ ಹೆಚ್ಚಿನದನ್ನು ಅವರ ಬೆಲೆಯೂ ಸ್ವಲ್ಪ ಹೊರುತ್ತದೆ. ವಾಪಸ್ ಕೊಡುವಾಗಲೂ ಒಂದು ವ್ಯತ್ಯಾಸ ಇದೆ. ಡೆಲಿವರಿ ಚಾರ್ಜ್ ಬೇರೆ ಕಟ್ಟಿದ್ದರೆ ಹಲವರು ವಸ್ತುವಿನ ದುಡ್ಡು ಮಾತ್ರ ಕೊಟ್ಟು ಆ ಚಾರ್ಜ್ ಇಟ್ಟುಕೊಳ್ಳುತ್ತಾರೆ. ಬೆಲೆಯೊಳಗೇ ಸೇರಿದ್ದರೆ ಪೂರ್ತಿ ವಾಪಸ್ ಬರುತ್ತದೆ.

ಆದರೆ ಆ ಲಾಭವನ್ನು ಬೇರೆ ದಾರಿಯಲ್ಲಿ ನಿಮ್ಮಿಂದಲೇ ವಸೂಲಿ ಮಾಡುವುದೂ ಉಂಟು. ಡೆಲಿವರಿ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನ್ ಮಾಡಿ 'ಬಂದು ತಗೊಂಡು ಹೋಗ್ರಿ ಮೇಡಂ' ಎನ್ನುವುದು ನಿಮಗೆ ಹೊಸದಲ್ಲ. ಅವನನ್ನು ಬೈದು ಉಪಯೋಗವಿಲ್ಲ. ಎಷ್ಟೋ ಕಡೆ ಅವರಿಗೆ ಪಾರ್ಸೆಲ್ ಲೆಕ್ಕದಲ್ಲಿ ದುಡ್ಡು. ಒಂದು ಪಾರ್ಸೆಲ್‌ಗಾಗಿ ಹಳ್ಳಿಯ ಒಳಗೆ ಬಂದರೆ ಪೆಟ್ರೋಲ್‌ಗೂ ಸಾಲುವುದಿಲ್ಲ. ಕೊನೆಯ ಒಂದು ಕಿಲೋಮೀಟರ್ ನೀವು ಬಿಸಿಲಲ್ಲಿ ನಡೆಯುತ್ತೀರಿ. ಪಿಕಪ್ ಇಲ್ಲದಿರುವುದೂ ಇದೇ ಕಥೆ. ತಂದುಕೊಡುವಾಗ ನಿಮ್ಮ ಊರು ಅವರ ನಕ್ಷೆಯಲ್ಲಿ ಇರುತ್ತದೆ, ವಾಪಸ್ ಒಯ್ಯುವಾಗ ಇರುವುದಿಲ್ಲ. ನನ್ನ ಪ್ರಕಾರ ಹಳ್ಳಿಯವರಿಗೆ ಫ್ರೀ ಡೆಲಿವರಿಯ ಅತಿ ದೊಡ್ಡ ಗುಪ್ತ ಖರ್ಚು ಇದೇ. ಆರ್ಡರ್ ಮಾಡುವ ಮೊದಲು ಡೆಲಿವರಿ ದಿನ ನೋಡುತ್ತೇವೆ, ರಿಟರ್ನ್ ಸಾಲು ಓದುವುದಿಲ್ಲ.

ಕಾನೂನು ಏನು ಹೇಳುತ್ತದೆ? ಫ್ರೀ ಡೆಲಿವರಿಗೆ ನಿಷೇಧವಿಲ್ಲ. ಖರ್ಚನ್ನು ಮುಚ್ಚಿಡುವುದಕ್ಕೆ ಇದೆ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಮಾರುವವರು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ಹೇಳಬೇಕು. ಡೆಲಿವರಿ, ಪೋಸ್ಟೇಜ್, ಹ್ಯಾಂಡ್ಲಿಂಗ್, ತೆರಿಗೆ ಎಲ್ಲವನ್ನೂ ಬಿಡಿಸಿ ತೋರಿಸಬೇಕು. ವಾಪಸ್ ಕಳಿಸುವ ಖರ್ಚು ಯಾರದು ಎಂಬುದನ್ನೂ ಮೊದಲೇ ತಿಳಿಸಬೇಕು. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ನಿಮ್ಮ ಒಪ್ಪಿಗೆ ಎನ್ನುವಂತಿಲ್ಲ. ನಿಮಗೆ ಮುಖ್ಯವಾದದ್ದು ಮುಂದಿನದು: ವಸ್ತುವಿನಲ್ಲಿ ದೋಷ ಇದ್ದರೆ, ಅಥವಾ ತೋರಿಸಿದಂತೆ ಇಲ್ಲದಿದ್ದರೆ, ಮಾರಿದವರು ವಾಪಸ್ ತೆಗೆದುಕೊಳ್ಳಲು, ಹಣ ಕೊಡಲು ನಿರಾಕರಿಸುವಂತಿಲ್ಲ. ಮುಚ್ಚಳ ಕೂರದ ಡಬ್ಬಿಯನ್ನು ದೋಷ ಎನ್ನದೆ ಇನ್ನೇನು ಎನ್ನಬೇಕು?

2023ರ ನವೆಂಬರ್ 30ರಂದು ಕೇಂದ್ರ ಸರ್ಕಾರ ಡಾರ್ಕ್ ಪ್ಯಾಟರ್ನ್ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಗಿರಾಕಿಯನ್ನು ಯಾಮಾರಿಸುವ 13 ಬಗೆಯ ತಂತ್ರಗಳ ಪಟ್ಟಿ ಅದರಲ್ಲಿದೆ. ಮೊದಲು ಒಂದು ಬೆಲೆ ತೋರಿಸಿ ಕೊನೆಗೆ ಚಾರ್ಜ್ ಮೇಲೆ ಚಾರ್ಜ್ ಸೇರಿಸುವುದನ್ನು ಡ್ರಿಪ್ ಪ್ರೈಸಿಂಗ್ ಎಂದು ಅದರಲ್ಲಿ ಹೆಸರಿಸಿದ್ದಾರೆ. ಕೇಳದೆ ಬುಟ್ಟಿಗೆ ಏನಾದರೂ ಸೇರಿಸುವುದು, 'ಇನ್ನು ಎರಡೇ ಉಳಿದಿವೆ' ಎಂದು ಸುಳ್ಳು ಅವಸರ ಮಾಡುವುದು ಕೂಡ ಪಟ್ಟಿಯಲ್ಲಿವೆ. ಕ್ಯಾಶ್ ಆನ್ ಡೆಲಿವರಿಗೆ ಜಾಸ್ತಿ ದುಡ್ಡು ಕೀಳುವ ಬಗ್ಗೆ ದೂರುಗಳು ಬಂದ ಮೇಲೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರು ಇಲಾಖೆ ಪರಿಶೀಲನೆ ಶುರು ಮಾಡಿದೆ ಎಂದು ತಿಳಿಸಿದ್ದರು. ಹಾಗಾಗಿ ನಿಮ್ಮ ಆ 10 ಮತ್ತು 9 ಸಣ್ಣ ಮೊತ್ತ ಎಂದು ಬಿಡಬೇಡಿ. ಅದು ಮೊದಲ ಪುಟದಲ್ಲೇ ಕಾಣಿಸಿತ್ತೇ, ಕೊನೆಯ ಪುಟದಲ್ಲಿ ಕಾಣಿಸಿತೇ ಎಂಬುದು ಪ್ರಶ್ನೆ. ಇಲ್ಲೇ ಒಂದು ಎಚ್ಚರಿಕೆ: 'ವಸ್ತು ಪೂರ್ತಿ ಉಚಿತ, ಡೆಲಿವರಿಗೆ 99 ಕಟ್ಟಿ' ಎಂದು ಫೋನಿನಲ್ಲಿ ಬರುವ ಲಿಂಕು, 'ವಿಳಾಸ ತಪ್ಪಿದೆ, 5 ರೂಪಾಯಿ ಕಟ್ಟಿ' ಎಂಬ ಮೆಸೇಜು, ಇವನ್ನು ಒತ್ತಲೇಬೇಡಿ. ಬ್ಯಾಂಕ್ ಖಾತೆಗೆ ಕನ್ನ ಹಾಕುವವರ ಕೆಲಸ ಅದು. ಒತ್ತಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಇನ್ನು ಮುಂದೆ ಹೇಗೆ ತರಿಸಬೇಕು? ನನಗೆ ಎಲ್ಲಕ್ಕಿಂತ ನೇರ ಅನಿಸುವುದು ಬೇಕಾದ ಒಂದು ವಸ್ತುವನ್ನೇ ತರಿಸಿ, 40 ರೂಪಾಯಿ ಡೆಲಿವರಿ ಕೊಟ್ಟುಬಿಡುವುದು. ಅದು ಕಣ್ಣಿಗೆ ಚುಚ್ಚುತ್ತದೆ, ಆದರೆ ಅಲ್ಲಿಗೆ ಮುಗಿಯುತ್ತದೆ. ತೊಂದರೆ ಒಂದೇ, ವಾಪಸ್ ಕೊಟ್ಟರೆ ಆ 40 ಬರದೇ ಇರಬಹುದು.

ಅವಸರವಿಲ್ಲದ ಸಾಮಾನಾದರೆ ಬುಟ್ಟಿಯಲ್ಲಿ ಹಾಕಿಟ್ಟು ತಿಂಗಳಿಗೊಮ್ಮೆ ಒಟ್ಟಿಗೆ ಆರ್ಡರ್ ಮಾಡಿ. ಎರಡು ವಾರ ಬುಟ್ಟಿಯಲ್ಲಿ ಕೂತ ವಸ್ತು ಬೇಕೋ ಬೇಡವೋ ಎಂದು ಮನಸ್ಸಿಗೇ ಗೊತ್ತಾಗುತ್ತದೆ. ಅಷ್ಟರಲ್ಲಿ ಬೆಲೆ ಏರಲೂಬಹುದು. ಶಾಲೆಯ ಸಹೋದ್ಯೋಗಿಗಳು ಸೇರಿ ಒಂದೇ ಆರ್ಡರ್ ಮಾಡುವುದೂ ಚೆನ್ನಾಗಿ ನಡೆಯುತ್ತದೆ. ಆದರೆ ವಾಪಸ್ ಕೊಡುವ ಗಡುವು ಪಾರ್ಸೆಲ್ ಬಂದ ದಿನದಿಂದ ಓಡುತ್ತದೆ. ರಜೆಯ ಮೇಲಿದ್ದವರು ಎಂಟು ದಿನ ಬಿಟ್ಟು ಬಂದು ಬಿಚ್ಚಿದರೆ ಜಗಳ ನಿಮ್ಮ ತಲೆಗೆ ಬರುತ್ತದೆ.

ಡೆಲಿವರಿ ಫ್ರೀ ಸಿಗುವ ವರ್ಷದ ಸದಸ್ಯತ್ವದ ಬಗ್ಗೆ ಅನೇಕರು ಕೇಳುತ್ತಾರೆ. ಅಮೆಜಾನ್ ಪ್ರೈಮ್ 2016ರಲ್ಲಿ ಭಾರತಕ್ಕೆ ಬಂದಾಗ ಆರಂಭದ ಕೊಡುಗೆಯಾಗಿ ವರ್ಷಕ್ಕೆ 499 ಇತ್ತು, 2021ರ ಡಿಸೆಂಬರ್‌ನಲ್ಲಿ 1,499 ಆಯಿತು. ಒಂದು ಆರ್ಡರ್‌ಗೆ 40 ರೂಪಾಯಿ ಉಳಿಯುತ್ತದೆ ಎಂದರೂ 1,499 ಹುಟ್ಟಬೇಕಾದರೆ ವರ್ಷಕ್ಕೆ 38 ಸಣ್ಣ ಆರ್ಡರ್ ಮಾಡಬೇಕು. ಸಿನಿಮಾ, ಧಾರಾವಾಹಿಗಾಗಿ ತೆಗೆದುಕೊಳ್ಳುವುದಾದರೆ ಅದು ಬೇರೆ ಲೆಕ್ಕ. ಡೆಲಿವರಿಗಾಗಿ ಎಂದರೆ ನಿಮ್ಮ ಬಳಕೆಗೆ ನಾನು ಬೇಡ ಎನ್ನುತ್ತೇನೆ. 'ಹೇಗೂ ಕಟ್ಟಿದ್ದೇವಲ್ಲ' ಎಂದು ಇನ್ನಷ್ಟು ತರಿಸುವುದು ಜಾಸ್ತಿಯಾಗುತ್ತದೆ, ಆಟೋ ರಿನ್ಯೂವಲ್ ಬಂದ್ ಮಾಡಲು ಮರೆತರೆ ಮುಂದಿನ ವರ್ಷವೂ ದುಡ್ಡು ಹೋಗುತ್ತದೆ.

ಕ್ಯಾಶ್ ಆನ್ ಡೆಲಿವರಿ ಬಗ್ಗೆ ಒಂದೆರಡು ಮಾತು. ಗೊತ್ತಿರುವ ಆ್ಯಪ್ ಆದರೆ ಯುಪಿಐನಲ್ಲಿ ಕಟ್ಟಿದರೆ ಆ 10 ಉಳಿಯುತ್ತದೆ. ಗೊತ್ತಿಲ್ಲದ ಮಾರಾಟಗಾರರಾದರೆ 10 ಹೋದರೂ ಪರವಾಗಿಲ್ಲ, ಕ್ಯಾಶೇ ಇರಲಿ. ಸಾಮಾನ್ಯವಾಗಿ ದುಡ್ಡು ಕೊಡುವ ಮೊದಲು ಬಿಚ್ಚಲು ಬಿಡುವುದಿಲ್ಲ, ಅದು ನೆನಪಿರಲಿ. ದಯವಿಟ್ಟು ಒಂದು ಇಟ್ಟುಕೊಳ್ಳಲು ಮೂರು ತರಿಸಬೇಡಿ. ಉಳಿದೆರಡರ ಓಡಾಟದ ಖರ್ಚು ಎಷ್ಟೋ ಸಲ ಇಳಕಲ್‌ನ ಆ ವ್ಯಾಪಾರಿಯಂಥವರ ಹೆಗಲಿಗೆ ಬೀಳುತ್ತದೆ. ಅವರಿಂದ ಅದು ನೇಕಾರರ ಕೂಲಿಗೆ ಇಳಿಯುವುದನ್ನು ನಾನು ಕಂಡಿದ್ದೇನೆ.

ಕೊನೆಯದು ಅಂಗಡಿ. ಶಕ್ತಿ ಯೋಜನೆ ಬಂದ ಮೇಲೆ ಸಾರಿಗೆ ಬಸ್ಸಿನಲ್ಲಿ ನಿಮಗೆ ಬಾಗಲಕೋಟೆಗೆ ಟಿಕೆಟ್ ದುಡ್ಡಿಲ್ಲ. ಅರ್ಧ ದಿನ ಹೋಗುತ್ತದೆ, ಅದು ನಿಜವಾದ ಖರ್ಚು. ಆದರೆ ಬೇರೆ ಕೆಲಸಕ್ಕೆ ಹೇಗೂ ಬಂದಾಗ ಪಾತ್ರೆ ಅಂಗಡಿಯಲ್ಲಿ ಡಬ್ಬಿ ಕೈಗೆ ತೆಗೆದುಕೊಂಡು, ಮುಚ್ಚಳ ಹಾಕಿ ತೆಗೆದು ನೋಡಬಹುದು. ಆ್ಯಪ್‌ನ ಬೆಲೆ ತೋರಿಸಿ ಕೇಳಿ. ಮನೆಗೆ ಸಾಗಿಸುವ ಖರ್ಚು, ಕಮಿಷನ್ ಇಲ್ಲದ್ದರಿಂದ ಎಷ್ಟೋ ಸಲ ಅಂಗಡಿಯವರಿಗೆ ಬೆಲೆ ಇಳಿಸಲು ಆಸ್ಪದ ಇರುತ್ತದೆ. ಮುಚ್ಚಳ, ಅಳತೆ, ಬಣ್ಣ ನೋಡಿ ಕೊಳ್ಳಬೇಕಾದ ಅಗ್ಗದ ಸಾಮಾನು ಅಂಗಡಿಯಲ್ಲಿ, ಊರಲ್ಲಿ ಸಿಗದ ಬಿಡಿಭಾಗ ಆನ್‌ಲೈನ್‌ನಲ್ಲಿ. ನನ್ನ ಮನೆಯಲ್ಲಿ ನಡೆಯುವುದು ಹೀಗೆ.

ಈಗ ನಿಮ್ಮ ಕೈಯಲ್ಲಿರುವ ಡಬ್ಬಿ. ಅವರು ಹೇಳಿದರು ಎಂದು ಈಗಲೇ ಕೊರಿಯರ್ ಮಾಡಬೇಡಿ. ಅಂಚೆಯಲ್ಲಿ ಕಳಿಸಿದರೂ ತೂಕ, ದೂರ ನೋಡಿ ದುಡ್ಡು ಹಾಕುತ್ತಾರೆ. ಕಟ್ಟು ದೊಡ್ಡದಾದರೆ ಇನ್ನೂ ಜಾಸ್ತಿ. 179ರ ಡಬ್ಬಿಗೆ ಅಷ್ಟು ಹಾಕುವುದು ನಿಮ್ಮ ಜವಾಬ್ದಾರಿಯಲ್ಲ. ಮುಚ್ಚಳ ಕೂರದಿರುವ ಒಂದು ಸಣ್ಣ ವಿಡಿಯೋ ಮಾಡಿ. ಬಿಲ್ಲು, ಆರ್ಡರ್ ಪುಟ, 'ಪಿಕಪ್ ಇಲ್ಲ' ಎಂಬ ಉತ್ತರ, ಮೂರರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆ್ಯಪ್‌ನಲ್ಲಿ ಕುಂದುಕೊರತೆ ಅಧಿಕಾರಿಯ ವಿಳಾಸ ಇರಲೇಬೇಕು, ಅಲ್ಲಿಗೆ ಬರೆಯಿರಿ: 'ವಸ್ತುವಿನಲ್ಲಿ ದೋಷವಿದೆ. ನೀವೇ ಒಯ್ಯಿರಿ, ಇಲ್ಲವೇ ವಿಡಿಯೋ ನೋಡಿ ಹಣ ಕೊಡಿ.' ಅಗ್ಗದ ವಸ್ತುವನ್ನು ವಾಪಸ್ ತರಿಸಿಕೊಂಡರೆ ಅವರಿಗೇ ನಷ್ಟ, ಹಾಗಾಗಿ ಹಣ ಕೊಟ್ಟು ಡಬ್ಬಿ ನಿಮ್ಮ ಹತ್ತಿರವೇ ಬಿಡುವುದೂ ಉಂಟು. 48 ಗಂಟೆಯೊಳಗೆ ದೂರು ತಲುಪಿತು ಎನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಆಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಎಲ್ಲೇ ಇರಲಿ, 2019ರ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಬಾಗಲಕೋಟೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. 179 ರೂಪಾಯಿಗೆ ಅಲ್ಲಿಯವರೆಗೆ ಹೋಗಬೇಕೇ ಎಂಬುದು ನಿಮ್ಮ ಸಮಯದ ಪ್ರಶ್ನೆ. ನನ್ನ ಅನುಭವದಲ್ಲಿ ಇಂಥವು ಹೆಚ್ಚಾಗಿ 1915ರಲ್ಲೇ ಮುಗಿಯುತ್ತವೆ. ತಿಂಗಳಾದರೂ ಉತ್ತರ ಬರದಿದ್ದರೆ ಆ ಸ್ಕ್ರೀನ್‌ಶಾಟ್‌ಗಳ ಸಮೇತ ನನಗೆ ಮತ್ತೆ ಬರೆಯಿರಿ, ದೂರಿನ ಕರಡು ಮಾಡಿಕೊಡುತ್ತೇನೆ.